ಮೂರನೇ ಮೇಜಿನ ತಪ್ಪು

ನನ್ನ ಚಿಕ್ಕಮ್ಮನನ್ನು ಕಾರ್ಖಾನೆಯಲ್ಲಿ ಎಲ್ಲರೂ ಹೆಬ್ಬೆಟ್ಟಮ್ಮ ಎಂದು ಕರೆಯುತ್ತಿದ್ದರು. ಹೊಸದಾಗಿ ಸೇರಿದವರು, ಪಾಪ ಓದುಬರಹ ಬಾರದವಳಿರಬೇಕು ಎಂದುಕೊಂಡು ಗೋಡೆಯ ಮೇಲಿನ ಸೂಚನೆಗಳನ್ನು ಅವಳಿಗೆ ಓದಿ ಹೇಳಲು ಹೋಗುತ್ತಿದ್ದರು. ಅವಳು ಪೂರ್ತಿ ಕೇಳಿಸಿಕೊಂಡು, ಕೊನೆಯಲ್ಲಿ, "ಎರಡನೇ ಸಾಲು ಬಿಟ್ಬಿಟ್ರಿ, ಅದನ್ನೂ ಓದಿ," ಎನ್ನುತ್ತಿದ್ದಳು. ಅವಳು ಹತ್ತನೇ ತರಗತಿ ಪಾಸಾದವಳು. ಆ ಹೆಸರು ಬಂದದ್ದು ಅವಳ ಕೆಲಸದಿಂದ.

ನೀರೆತ್ತುವ ಪಂಪುಗಳ ಒಳಗೆ ಕೂರಿಸುವ ರಬ್ಬರ್ ಉಂಗುರಗಳನ್ನು ಅಲ್ಲಿ ತಯಾರಿಸುತ್ತಿದ್ದರು. ತಪಾಸಣೆಗೆ ನಾಲ್ಕು ಮೇಜುಗಳಿದ್ದವು. ಕಿಟಕಿಗೆ ಅಂಟಿಕೊಂಡ ಮೂರನೆಯದು ಚಿಕ್ಕಮ್ಮನದು, ಇಪ್ಪತ್ತೆರಡು ವರ್ಷದಿಂದ. ಉಂಗುರವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಸುತ್ತು ಉರುಳಿಸಿದರೆ ಸಾಕು, ಎಲ್ಲಿ ಗಂಟಿದೆ, ಎಲ್ಲಿ ತೆಳುವಾಗಿದೆ ಎಂದು ಹೇಳಿಬಿಡುತ್ತಿದ್ದಳು. ಆಮೇಲೆ ನಿಯಮದ ಪ್ರಕಾರ ಗೇಜಿಗೆ ಹಾಕಿ ನೋಡಬೇಕು. ಗೇಜು ಎಂದರೆ ಅಳತೆಗೆಂದೇ ಕಡೆದ ಉಕ್ಕಿನ ಗೂಟ. ಉಂಗುರ ಅದರ ಮೇಲೆ ಸಲೀಸಾಗಿ ಇಳಿದರೆ ಪಾಸು, ಬಿಗಿಯಾದರೆ ಬುಟ್ಟಿಗೆ. ಬೇರೆ ಮೇಜಿನವರು ಅನುಮಾನ ಬಂದಾಗ ಗೇಜನ್ನು ಪಕ್ಕಕ್ಕಿಟ್ಟು, "ಹೆಬ್ಬೆಟ್ಟಮ್ಮ, ಸ್ವಲ್ಪ ಮುಟ್ಟಿ ನೋಡಿ," ಎಂದು ಅವಳ ಹತ್ತಿರ ಬರುತ್ತಿದ್ದರು. ಆ ಮೇಜು ಮತ್ತು ಆ ಮಾತು, ಇವೆರಡೇ ಅವಳ ಆಸ್ತಿ. ಮದುವೆ ಆಗಲಿಲ್ಲ, ಮನೆ ಕಟ್ಟಲಿಲ್ಲ. ಅಮ್ಮ ಹೋದಾಗ ನನಗೆ ಆರು ವರ್ಷ. ನನ್ನನ್ನು ಎತ್ತಿ ಸೊಂಟದಲ್ಲಿಟ್ಟುಕೊಂಡು, ಮುದ್ರಣದ ಅಂಗಡಿಯ ಮೇಲಿನ ಎರಡು ಕೋಣೆಗಳಿಗೆ ತಂದಳು. ಕೆಳಗೆ ಯಂತ್ರ ಓಡಿದಾಗಲೆಲ್ಲ ನಮ್ಮ ಮನೆಯ ಲೋಟಗಳು ಕಿಣಿಕಿಣಿ ಎನ್ನುತ್ತಿದ್ದವು.

ಅವಳ ಆ ಆಸ್ತಿಯನ್ನು ಕಳೆದವಳು ನಾನು. ಯಾರೋ ಪರಕೀಯರಲ್ಲ, ವಿಧಿಯೂ ಅಲ್ಲ. ನಾನು, ನನ್ನ ಪದವಿ, ನನ್ನ ಜಂಭ.

ಆ ಪದವಿಗೆ ಸೇರಿಸಿದವಳೂ ಅವಳೇ. ಕಾರ್ಖಾನೆಗೆ ಜಪಾನಿನ ಒಬ್ಬ ಗಿರಾಕಿ ಸಿಕ್ಕಿದ್ದ. ಅಲ್ಲಿಂದ ಕಾಗದ ಬಂದರೆ ಅದನ್ನು ಬೇರೆ ಊರಿನ ಅನುವಾದಕರಿಗೆ ಕಳಿಸಿ, ಹೊಗಳಿದ್ದಾರೋ ಬೈದಿದ್ದಾರೋ ಎಂದು ಎಂಟು ದಿನ ಎಲ್ಲರೂ ಜೀವ ಹಿಡಿದುಕೊಂಡು ಕಾಯಬೇಕಿತ್ತು. ಅದೇ ಸಮಯಕ್ಕೆ ವಿಶ್ವವಿದ್ಯಾಲಯದಲ್ಲಿ ಹೊಸ ಪದವಿ ಶುರುವಾಯಿತು. ಜಪಾನಿ ಮತ್ತು ಕೊರಿಯನ್ ಭಾಷೆ, ಜೊತೆಗೆ ವ್ಯವಹಾರ ಕೌಶಲ, ನಾಲ್ಕು ವರ್ಷ. ಚಿಕ್ಕಮ್ಮ ಪತ್ರಿಕೆಯ ಆ ತುಂಡನ್ನು ಕತ್ತರಿಸಿ ತಂದು ನನ್ನ ತಟ್ಟೆಯ ಪಕ್ಕ ಇಟ್ಟಳು.

"ಎರಡು ಭಾಷೆ ಹೇಳ್ಕೊಡ್ತಾರಂತೆ, ಮೇಲೆ ವ್ಯಾಪಾರಾನೂ ಕಲಿಸ್ತಾರಂತೆ," ಎಂದಳು. "ಮೂರರಲ್ಲಿ ಒಂದಾದ್ರೂ ನಿನ್ನ ತಲೆಗೆ ಕಚ್ಕೊಳ್ಳುತ್ತೆ."

"ಮೂರೂ ಕಚ್ಚದೆ ಹೋದ್ರೆ?"

"ಮೇಜು ಒರೆಸೋಕೆ ಬರ್ತೀಯಲ್ಲ, ಅದು ಸಾಕು."

ಮೊದಲ ಎರಡು ವರ್ಷ ನರಕ. ಬೆಳಿಗ್ಗೆ ಜಪಾನಿ, ಮಧ್ಯಾಹ್ನ ಕೊರಿಯನ್, ಸಂಜೆ ಸರಕು ಸಾಗಣೆಯ ದಾಖಲೆಗಳು, ಮಾರುಕಟ್ಟೆ, ಕಚೇರಿಯ ನಡವಳಿಕೆ. ವಿಸಿಟಿಂಗ್ ಕಾರ್ಡನ್ನು ಎರಡು ಕೈಯಲ್ಲಿ ಹೇಗೆ ಕೊಡಬೇಕು, ಕೋಣೆಯಲ್ಲಿ ಹಿರಿಯರು ಎಲ್ಲಿ ಕೂರಬೇಕು, ಎಷ್ಟು ಬಾಗಬೇಕು, ಇದಕ್ಕೂ ಪರೀಕ್ಷೆ ಇತ್ತು. ಕೊರಿಯನ್ ನನ್ನ ತಲೆಯ ಹತ್ತಿರವೂ ಸುಳಿಯಲಿಲ್ಲ. ಮೂರನೇ ವರ್ಷ ಒಂದನ್ನು ಆರಿಸಿಕೊಳ್ಳಿ ಎಂದಾಗ ಜಪಾನಿಯನ್ನು ಹಿಡಿದು ಬದುಕಿದೆ. ಆ ಹೊತ್ತಿಗೆ ನನಗೆ ಸ್ವಲ್ಪ ಕೊಂಬು ಬಂದಿತ್ತು. ಚಿಕ್ಕಮ್ಮ ಏನಾದರೂ ಕೇಳಿದರೆ, "ಅದು ನಿಂಗೆ ಅರ್ಥ ಆಗಲ್ಲ ಬಿಡು," ಎನ್ನುವುದು ಬಾಯಿಪಾಠವಾಗಿತ್ತು. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಮೂರನೇ ವರ್ಷದ ಒಂದು ವಿಷಯ, ಕ್ಷಮಾಪಣೆಯ ವರದಿ. ಸರಕಿನಲ್ಲಿ ತಪ್ಪಾದರೆ ಗಿರಾಕಿಗೆ ಬರೆಯುವ ಕಾಗದ ಅದು. ಅದನ್ನು ಕಲಿಸುತ್ತಿದ್ದ ಮೇಡಂ ಹನ್ನೊಂದು ವರ್ಷ ಅಲ್ಲಿನ ಕಚೇರಿಯಲ್ಲಿ ದುಡಿದು ಬಂದವರು. "ಕ್ಷಮಿಸಿ, ಮುಂದೆ ಹೀಗಾಗಲ್ಲ ಅಂತ ಬರೆದ್ರೆ ವಾಪಸ್ ಕಳಿಸ್ತಾರೆ," ಎನ್ನುತ್ತಿದ್ದರು. "ಯಾವ ದಿನ, ಯಾವ ಜಾಗ, ಯಾರ ಕೈಲಿ, ಯಾಕೆ ಆಯ್ತು. ಅದು ಬೇಕು ಅವ್ರಿಗೆ. ಬರೆಯೋಕೆ ಮುಂಚೆ ಆ ಜಾಗಕ್ಕೆ ಹೋಗಿ ನಿಂತ್ಕೊಂಡು ಕೇಳ್ಬೇಕು." ಮೊದಲರ್ಧವನ್ನು ನಾನು ಬರೆದುಕೊಂಡೆ. ಕೊನೆಯ ಮಾತು ಪರೀಕ್ಷೆಗೆ ಬರುವಂಥದ್ದಲ್ಲ ಎಂದು ಬಿಟ್ಟೆ. ಮಾದರಿ ಉತ್ತರವೊಂದಿತ್ತು: ಇಂಥ ದಿನ, ಇಂಥ ಮೇಜಿನ ತಪಾಸಣೆಗಾರ್ತಿಯ ಗಮನ ಬೇರೆಡೆ ಹೋಗಿದ್ದರಿಂದ ದೋಷವಿರುವ ಸರಕು ಪಾಸಾಯಿತು. ನಾನು ಅದನ್ನು ಹತ್ತು ಬಗೆಯಲ್ಲಿ ಬರೆದು ಅಭ್ಯಾಸ ಮಾಡಿ, ಆ ವಿಷಯದಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದೆ. ನನ್ನ ಮಟ್ಟಿಗೆ ಅದು ಪ್ರಬಂಧ. ಅದನ್ನು ಯಾರಾದರೂ ನಂಬುತ್ತಾರೆ ಎಂದು ನನಗೆ ಹೊಳೆಯಲೇ ಇಲ್ಲ.

ಪದವಿ ಮುಗಿಯುತ್ತಲೇ ಕಾರ್ಖಾನೆಯವರು ನನ್ನನ್ನು ಕಚೇರಿಗೆ ತೆಗೆದುಕೊಂಡರು. ಆರು ತಿಂಗಳ ಪರೀಕ್ಷಾವಧಿ, ಆಮೇಲೆ ಕಾಯಂ. ಕಚೇರಿ ಮಹಡಿಯ ಮೇಲೆ, ಗಾಜಿನ ಗೋಡೆಯ ಹಿಂದೆ. ಅಲ್ಲಿಂದ ಚಿಕ್ಕಮ್ಮನ ನೆತ್ತಿ ಕಾಣುತ್ತಿತ್ತು. ಅವಳು ಊಟದ ಹೊತ್ತಿಗೆ ಮೇಲೆ ನೋಡಿ ಕೈ ಎತ್ತುತ್ತಿದ್ದಳು. ನಾನು ಕಡತ ನೋಡುವವಳ ಹಾಗೆ ತಲೆ ತಗ್ಗಿಸುತ್ತಿದ್ದೆ. ಯಾಕೆಂದು ಕೇಳಬೇಡಿ. ಕಚೇರಿಯಲ್ಲಿ ಇನ್ನಿಬ್ಬರು ಇದ್ದರು, ಅವರ ಮುಂದೆ ಮುಜುಗರ, ಅಷ್ಟೇ.

ನಾಲ್ಕನೇ ತಿಂಗಳು ಒಂದು ಸಂಜೆ ಊಟ ಮಾಡುತ್ತ ಚಿಕ್ಕಮ್ಮ ಹೇಳಿದಳು, "ಗೇಜು ಸವೆದು ತೆಳುವಾಗಿದೆ ಕಣೇ, ಬಿಗಿ ಉಂಗುರಾನೂ ಇಳಿಯುತ್ತೆ. ನನ್ನ ಬೆರಳು ಬೇಡ ಅನ್ನುತ್ತೆ, ಅದು ಹೂಂ ಅನ್ನುತ್ತೆ. ಮೇಸ್ತ್ರಿಗೆ ಎರಡು ಸಲ ಹೇಳ್ದೆ. ಗೇಜು ಪಾಸು ಅಂದ್ರೆ ಪಾಸು, ನೀನು ಸುಮ್ನಿರು ಅಂದ."

ನಾನು ಫೋನು ನೋಡುತ್ತ ಹೂಂ ಎಂದೆ. ಕೇಳಿಸಲಿಲ್ಲ ಎಂದು ಸುಳ್ಳು ಹೇಳಲಾರೆ. ಚೆನ್ನಾಗಿ ಕೇಳಿಸಿತ್ತು.

ಮರುತಿಂಗಳು ಜಪಾನಿನಿಂದ ದೂರು ಬಂತು. ಉಂಗುರಗಳು ಬಿಗಿಯಾಗಿವೆ, ಪಂಪಿಗೆ ಕೂರಿಸುವಾಗ ಹರಿಯುತ್ತಿವೆ, ಕಾರಣ ತಿಳಿಸಿ. ಮಾಲೀಕರು ನನ್ನನ್ನು ಕರೆಸಿದರು. ಅವರು ಕೆಟ್ಟವರಲ್ಲ, ಹೆದರಿದ್ದರು. ಗೇಜನ್ನು ವರ್ಷಕ್ಕೊಮ್ಮೆ ಪರೀಕ್ಷೆಗೆ ಕಳಿಸಬೇಕು. ಎರಡು ವರ್ಷದಿಂದ ಕಳಿಸಿರಲಿಲ್ಲ.

"ಗೇಜು ಅಂತ ಬರೆದ್ರೆ ಎರಡು ವರ್ಷದ ಸರಕೆಲ್ಲ ವಾಪಸ್ ಬರುತ್ತೆ," ಎಂದರು. "ಬೇರೆ ಏನಾದ್ರೂ ಬರೀಮ್ಮ. ನೀನು ಓದಿದೋಳು, ನಿಂಗೆ ಗೊತ್ತಿರುತ್ತಲ್ಲ, ಅವ್ರಿಗೆ ಏನು ಬರೆದ್ರೆ ಒಪ್ತಾರೆ ಅಂತ."

ನೀನು ಓದಿದೋಳು ಎಂದ ಕೂಡಲೇ ನಾನು ಅಟ್ಟಕ್ಕೇರಿದೆ. ಕಚೇರಿಯ ನನ್ನ ಜಾಗಕ್ಕೆ ಬಂದು ಕೂತೆ. ನಮೂನೆಯಲ್ಲಿ ಮೇಡಂ ಹೇಳಿದ ಕಲಮುಗಳೇ ಇದ್ದವು. ದಿನ ಗೊತ್ತಿತ್ತು. ಆ ಸರಕು ಯಾವ ಮೇಜಿನಿಂದ ಹೋದದ್ದು ಎಂದು ತಪಾಸಣೆಯ ಪುಸ್ತಕದಲ್ಲಿ ನೋಡಿದೆ. ಮೂರು. ನನ್ನ ಕೈ ಒಂದು ಗಳಿಗೆ ನಿಂತಿತು. ಎರಡು ಎಂದು ಬರೆಯಬಹುದಿತ್ತು, ಆದರೆ ಅವರು ಪುಸ್ತಕ ಕೇಳಿದರೆ ಸಿಕ್ಕಿಬೀಳುತ್ತೇವೆ. ಅಷ್ಟು ದೂರ ಸಮುದ್ರದಾಚೆ ಇರುವವರಿಗೆ ಮೂರನೇ ಮೇಜಾದರೇನು ಮೂವತ್ತನೆಯದಾದರೇನು ಎಂದುಕೊಂಡು, ಮೂರನೇ ಮೇಜಿನ ತಪಾಸಣೆಗಾರ್ತಿಯ ಗಮನ ಬೇರೆಡೆ ಹೋಗಿತ್ತು ಎಂದು ಅತ್ಯಂತ ವಿನಯದ ಜಪಾನಿಯಲ್ಲಿ ಬರೆದು ಸಹಿ ಹಾಕಿದೆ. ಓದಿ ನೋಡಿ ಖುಷಿಯೂ ಪಟ್ಟೆ. ಭಾಷೆಯಲ್ಲಿ ಒಂದು ತಪ್ಪೂ ಇರಲಿಲ್ಲ.

ಹದಿನೈದು ದಿನಕ್ಕೆ ಉತ್ತರ ಬಂತು. ವರದಿ ಬಹಳ ಸ್ಪಷ್ಟವಾಗಿದೆ, ಕೃತಜ್ಞತೆಗಳು, ಮೂರನೇ ಮೇಜನ್ನು ನೋಡಲು ನಮ್ಮ ಎಂಜಿನಿಯರ್ ಬರುತ್ತಿದ್ದಾರೆ. ಕೊನೆಯ ಸಾಲನ್ನು ಎರಡು ಸಲ ಓದಿದೆ. ಬರೆಯುವ ಮುಂಚೆ ಆ ಜಾಗಕ್ಕೆ ಹೋಗಿ ನಿಲ್ಲಬೇಕು ಎಂದು ಮೇಡಂ ಯಾಕೆ ಹೇಳಿದ್ದರು ಎಂದು ಆಗ ಅರ್ಥವಾಯಿತು. ಆ ಜನ ಹೋಗಿ ನಿಲ್ಲುವವರು.

ಎಂಜಿನಿಯರ್ ಬಂದರು. ಐವತ್ತು ದಾಟಿದ ಸಣ್ಣ ಆಳು, ದಪ್ಪ ಕನ್ನಡಕ, ಕೈಯಲ್ಲಿ ಪುಟ್ಟ ನೋಟುಪುಸ್ತಕ. ಚಹಾ ಬೇಡವೆಂದು ನೇರವಾಗಿ ಕೆಳಗೆ ನಡೆದರು. ಚಿಕ್ಕಮ್ಮ ಎದ್ದು ನಿಂತಳು. ಅವರು ಅವಳ ಸ್ಟೂಲಿನ ಮೇಲೆ ತಾವು ಕೂತು, ಬೆಳಕು ಎಲ್ಲಿಂದ ಬೀಳುತ್ತದೆ, ಗೇಜು ಕೈಗೆಟಕುತ್ತದೆಯೇ, ಯಾವ ಯಂತ್ರದ ಸದ್ದು ಕೇಳಿಸುತ್ತದೆ ಎಂದು ನೋಡಿದರು. ಆಮೇಲೆ ಎದ್ದು, ಸ್ಟೂಲನ್ನು ಅವಳಿಗೆ ಬಿಟ್ಟುಕೊಟ್ಟು, ನನ್ನ ಕಡೆ ತಿರುಗಿದರು. ಅವಳು ನನಗೆ ಏನಾಗಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಮಾಲೀಕರಿಗೆ ಗೊತ್ತಿತ್ತು. ಅವರು ನನ್ನ ಬೆನ್ನ ಹಿಂದೆ ನಿಂತಿದ್ದರು.

"ದಯವಿಟ್ಟು ಇವರಿಗೆ ಹೇಳಿ," ಎಂದು ಎಂಜಿನಿಯರ್ ಜಪಾನಿಯಲ್ಲಿ ಶುರು ಮಾಡಿದರು. "ನಾನು ದೂರಲು ಬಂದಿಲ್ಲ. ಆ ದಿನ ಇವರ ಗಮನ ಬೇರೆಡೆ ಹೋಯಿತೆಂದು ವರದಿಯಲ್ಲಿದೆ. ಗಮನ ಸುಮ್ಮನೆ ಹೋಗುವುದಿಲ್ಲ. ಅದನ್ನು ಯಾವುದು ಎಳೆಯಿತು? ಬೆಳಕೋ, ಸದ್ದೋ, ಆಯಾಸವೋ?"

ನಾನು ಚಿಕ್ಕಮ್ಮನಿಗೆ ಹೇಳಿದೆ, "ಮೇಜು ಅನುಕೂಲವಾಗಿದೆಯಾ ಅಂತ ಕೇಳ್ತಿದಾರೆ."

"ಚೆನ್ನಾಗಿದೆ ಅನ್ನು. ಇಪ್ಪತ್ತೆರಡು ವರ್ಷದಿಂದ ಏನೂ ತೊಂದರೆ ಇಲ್ಲ ಅನ್ನು."

ನಾನು ಜಪಾನಿಯಲ್ಲಿ, ಬೆಳಕು ಸ್ವಲ್ಪ ಕಡಿಮೆ ಎನ್ನುತ್ತಾರೆ ಎಂದೆ. ಅವರು ಜೇಬಿನಿಂದ ಬೆಳಕು ಅಳೆಯುವ ಸಾಧನ ತೆಗೆದು ಮೇಜಿನ ಮೇಲಿಟ್ಟರು. ಕಿಟಕಿ ಪಕ್ಕದ ಮೇಜು, ಹಗಲು ಹನ್ನೊಂದು ಗಂಟೆ. ಬೆಳಕು ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ಅವರು ಮುಳ್ಳನ್ನು ನೋಡಿದರು, ನನ್ನನ್ನು ನೋಡಿದರು, ಚೀಲದಿಂದ ನನ್ನ ವರದಿ ತೆಗೆದು ಚಿಕ್ಕಮ್ಮನ ಮುಂದೆ ಹರಡಿದರು. ಒಂದು ಸಾಲಿನ ಕೆಳಗೆ ಬೆರಳಿಟ್ಟರು.

ಜಪಾನಿ ಅಕ್ಷರ ಅವಳಿಗೆ ಗೊತ್ತಿರಲಿಲ್ಲ. ಅಂಕಿ ಗೊತ್ತಿತ್ತು. ತಾರೀಖು ನೋಡಿದಳು. ಅದರ ಪಕ್ಕ ಮೂರು ನೋಡಿದಳು. ಆಮೇಲೆ ಕಾಗದದ ಅಡಿಯಲ್ಲಿ ನನ್ನ ಸಹಿ ನೋಡಿದಳು. ಆ ಸಹಿ ಹೇಗಿದ್ದರೆ ಚೆಂದ ಎಂದು ಹಳೆಯ ಲಕೋಟೆಗಳ ಹಿಂದೆ ಹಾಕಿ ಹಾಕಿ ತೋರಿಸಿದ್ದು ಅವಳಿಗೇ.

"ಇದರಲ್ಲಿ ಏನಂತ ಬರ್ದಿದೀಯ?" ಎಂದಳು.

ಮಾಲೀಕರು ಕೆಮ್ಮಿದರು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅವಳು ಕಾದಳು. ಉಂಗುರ ಉರುಳಿಸುವಾಗ ಇರುತ್ತಾಳಲ್ಲ, ಅದೇ ತಾಳ್ಮೆಯಲ್ಲಿ ಕಾದಳು.

"ಆ ದಿನ ನೀನು ಸರಿಯಾಗಿ ನೋಡ್ಲಿಲ್ಲ ಅಂತ," ಎಂದೆ. "ನಿನ್ನ ಗಮನ ಬೇರೆ ಕಡೆ ಇತ್ತು ಅಂತ. ನಿನ್ನಿಂದ ತಪ್ಪಾಯ್ತು ಅಂತ."

"ಗೇಜಿನ ವಿಷಯ?"

"ಬರೆದಿಲ್ಲ."

ಅವಳ ಮುಖ ಕೆಂಪಾಯಿತು. ಬೈಯುತ್ತಾಳೆ, ಬೈಯಲಿ, ಎಲ್ಲರೆದುರು ಬೈಯಲಿ ಎಂದು ಕಾದೆ. ಪಕ್ಕದ ಮೇಜುಗಳವರು ಕೈ ನಿಲ್ಲಿಸಿ ನೋಡುತ್ತಿದ್ದರು. ಅವಳು ಮಾಲೀಕರ ಮುಖ ನೋಡಿದಳು. ಆಮೇಲೆ ನನ್ನ ಕೊರಳಿನಲ್ಲಿ ನೇತಾಡುತ್ತಿದ್ದ ಕಚೇರಿಯ ಬಿಲ್ಲೆ ನೋಡಿದಳು. ಅದರಲ್ಲಿ ನನ್ನ ಚಿತ್ರದ ಕೆಳಗೆ ತಾತ್ಕಾಲಿಕ ಎಂದಿತ್ತು.

"ಹೌದು ಅಂತ ಹೇಳು," ಎಂದಳು.

"ಚಿಕ್ಕಮ್ಮ..."

"ಹೇಳು ಅಂದೆ. ಲೈಟು ಸರಿ ಇದೆ, ಸ್ಟೂಲು ಸರಿ ಇದೆ ಅಂತ ಹೇಳು. ಮನೇಲಿ ಒಬ್ಳು ಹುಡುಗಿ ಇದಾಳೆ, ಅವತ್ತು ಅವಳ ಯೋಚನೇಲಿದ್ದೆ, ಕೈ ತಪ್ತು ಅಂತ ಹೇಳು. ಗಿರಾಕಿಗೆ ತೊಂದರೆ ಆಗಿದ್ದಕ್ಕೆ ಬೇಜಾರಾಗಿದೆ ಅಂತಾನೂ ಹೇಳು. ಒಂದೂ ಬಿಡ್ಬೇಡ."

ಹೇಳಿದೆ. ಒಂದೂ ಬಿಡಲಿಲ್ಲ. ನಾಲ್ಕು ವರ್ಷ ಓದಿದ್ದರಲ್ಲಿ ಅಷ್ಟು ಚೆನ್ನಾಗಿ ನಾನು ಯಾವತ್ತೂ ಜಪಾನಿ ಮಾತಾಡಿರಲಿಲ್ಲ. ದುಭಾಷಿಯ ದನಿ ನಡುಗಬಾರದೆಂದು ಕಲಿಸಿದ್ದರು, ನಡುಗಲಿಲ್ಲ. ನಿಜ ಹೇಳಲು ಒಂದೇ ಒಂದು ವಾಕ್ಯ ಸಾಕಿತ್ತು. ಗೇಜು ಎನ್ನುವ ಶಬ್ದವೂ ನನಗೆ ಬರುತ್ತಿತ್ತು. ಬಾಯಿಗೆ ಬೀಗ ಹಾಕಿಕೊಂಡೆ.

ಎಂಜಿನಿಯರ್ ಬರೆದುಕೊಳ್ಳುವುದನ್ನು ನಿಲ್ಲಿಸಿದರು. ಪುಸ್ತಕ ಮುಚ್ಚಿ ಜೇಬಿಗಿಟ್ಟು, ಎರಡು ಕೈ ಪಕ್ಕಕ್ಕೆ ಇಳಿಬಿಟ್ಟು, ಚಿಕ್ಕಮ್ಮನ ಮುಂದೆ ಸೊಂಟದವರೆಗೆ ಬಾಗಿದರು. ಎಷ್ಟು ಬಾಗಿದರೆ ಎಷ್ಟು ಗೌರವ ಎಂದು ಪರೀಕ್ಷೆಗೆ ಓದಿದವಳಲ್ಲವೇ ನಾನು, ಅದಕ್ಕಿಂತ ಹೆಚ್ಚು ಇಲ್ಲ ಎಂದು ನನಗೆ ಗೊತ್ತಿತ್ತು. "ಇಷ್ಟು ನೇರವಾಗಿ ನಿಜ ಹೇಳಿದ್ದಕ್ಕೆ ಇವರಿಗೆ ಕೃತಜ್ಞ ಎಂದು ಹೇಳಿ," ಎಂದರು. ಅದನ್ನೂ ಹೇಳಿದೆ. ಚಿಕ್ಕಮ್ಮ ಏನು ಮಾಡಬೇಕೆಂದು ತಿಳಿಯದೆ ತಾನೂ ಸ್ವಲ್ಪ ಬಾಗಿದಳು.

ಅವರು ಮೇಲೆ ಹೋದ ಮೇಲೆ ನಾನು ಕೈ ತೊಳೆಯುವ ನಲ್ಲಿಗಳ ಹತ್ತಿರ ಅವಳನ್ನು ಹಿಡಿದೆ. ಅಳು ಒತ್ತರಿಸಿ ಬರುತ್ತಿತ್ತು. "ಈಗ್ಲೇ ಹೋಗಿ ಹೇಳ್ಬಿಡ್ತೀನಿ. ಕೆಲಸ ಹೋದ್ರೆ ಹೋಗ್ಲಿ," ಎಂದೆ.

ಅವಳು ಸೋಪು ಹಚ್ಚಿದ ಕೈಯಿಂದಲೇ ನನ್ನ ಮಣಿಕಟ್ಟು ಹಿಡಿದುಕೊಂಡಳು. "ನಿನ್ನ ಧೈರ್ಯ ಒಂದು ಗಂಟೆ ಲೇಟಾಗಿ ಬಂತು," ಎಂದಳು. "ಈಗ ನೀನು ಹೋಗಿ ನಿಜ ಹೇಳಿದ್ರೆ ನಾನು ಏನಾಗ್ತೀನಿ? ಅಷ್ಟು ದೊಡ್ಡ ಮನುಷ್ಯ ಬಗ್ಗಿ ನಮಸ್ಕಾರ ಮಾಡ್ದ, ಅವನೆದುರು ಸುಳ್ಳುಗಾರ್ತಿ ಆಗ್ತೀನಿ. ಕೆಲಸ ಕೆಡಿಸ್ದೋಳು ಅನ್ನಿಸ್ಕೊಂಡು ಹೇಗೋ ಇರ್ತೀನಿ ಕಣೇ. ಸುಳ್ಳುಗಾರ್ತಿ ಅನ್ನಿಸ್ಕೊಂಡು ಇರೋಕೆ ನನ್ನ ಕೈಲಾಗಲ್ಲ. ಬಾಯಿ ಮುಚ್ಕೊಂಡಿರು."

ಭೇಟಿಯ ನಂತರ ಕಳಿಸಬೇಕಾದ ಕೊನೆಯ ವರದಿಯಲ್ಲಿ ಇನ್ನೊಂದು ಕಲಮಿತ್ತು, ತೆಗೆದುಕೊಂಡ ಕ್ರಮ. ಅದು ಖಾಲಿ ಬಿಡುವಂತಿರಲಿಲ್ಲ. ಮೂರನೇ ಮೇಜಿನ ತಪಾಸಣೆಗಾರ್ತಿಯನ್ನು ಬದಲಾಯಿಸಲಾಗಿದೆ ಎಂದು ಮಾಲೀಕರು ಹೇಳಿದರು, ನಾನು ಟೈಪ್ ಮಾಡಿದೆ. ಎಂಜಿನಿಯರ್ ಇದನ್ನು ಕೇಳಿರಲಿಲ್ಲ, ಬೇಡವೆಂದೂ ಬರೆದರು. ಅಷ್ಟರಲ್ಲಿ ಚಿಕ್ಕಮ್ಮ ಪ್ಯಾಕಿಂಗ್ ವಿಭಾಗಕ್ಕೆ ಹೋಗಿ, ಪೆಟ್ಟಿಗೆಗಳಿಗೆ ಪಟ್ಟಿ ಅಂಟಿಸುತ್ತ ನಿಂತಿದ್ದಳು. ಅಲ್ಲಿ ಕೂರಲು ಸ್ಟೂಲಿಲ್ಲ. ಅದೇ ವಾರ ಸದ್ದಿಲ್ಲದೆ ಹೊಸ ಗೇಜು ಬಂತು. ಮುಂದಿನ ತಿಂಗಳು ನನ್ನ ಬಿಲ್ಲೆಯೂ ಬದಲಾಯಿತು. ಹೆಬ್ಬೆಟ್ಟಮ್ಮ ಎಂದು ಕರೆಯುತ್ತಿದ್ದವರು ಮೊದಮೊದಲು ಆ ಹೆಸರು ಬಾಯಿಗೆ ಬಂದಾಗ ನುಂಗಿಕೊಳ್ಳುತ್ತಿದ್ದರು, ಆಮೇಲೆ ಅಮ್ಮ ಎಂದಷ್ಟೇ ಕರೆದರು. ಸಂಜೆ ಅವಳು ಮನೆಗೆ ಬಂದು ಕಾಲು ಚಾಚಿದರೆ ನಾನು ಒತ್ತಲು ಹೋಗುತ್ತಿದ್ದೆ. "ಬೇಡ, ನಿಂಗೂ ಸುಸ್ತಾಗಿರುತ್ತೆ," ಎನ್ನುತ್ತಿದ್ದಳು. ಒಂದು ದಿನ ಚುಚ್ಚಿ ಮಾತಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆರು ವರ್ಷ ಹಾಗೆಯೇ ಕಳೆಯಿತು.

ಅವಳು ನಿವೃತ್ತಳಾಗುವ ದಿನ ಪ್ಯಾಕಿಂಗ್ ವಿಭಾಗದಲ್ಲೇ ಕುರ್ಚಿ ಹಾಕಿ ಒಂದು ಸಣ್ಣ ಸಭೆ ಮಾಡಿದರು. ಮಾಲೀಕರು ಮಾತಾಡಿದರು. "ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ ಸಣ್ಣದೊಂದು ತಪ್ಪು. ಅದೂ ಒಪ್ಕೊಂಡ್ರು. ಅಂಥೋರು ಸಿಗಲ್ಲ," ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ತಟ್ಟದಿದ್ದರೆ ಯಾರಾದರೂ ನೋಡುತ್ತಾರಲ್ಲ.

ಆಮೇಲೆ ಅವರು ಒಂದು ಲಕೋಟೆ ತೆಗೆದು ನನ್ನ ಕೈಗಿಟ್ಟರು. ನಿವೃತ್ತಿಯ ಸುದ್ದಿ ತಿಳಿದು ಜಪಾನಿನ ಎಂಜಿನಿಯರ್ ಚಿಕ್ಕಮ್ಮನಿಗೆಂದೇ ಕೈಯಾರೆ ಬರೆದ ಕಾಗದ. ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಓದು ಎಂದರು. ನಾನು ಅದನ್ನು ಮೊದಲೇ ನೋಡಿರಲಿಲ್ಲ. ನಿಂತಲ್ಲೇ ಅನುವಾದಿಸುತ್ತ ಓದಿದೆ.

"ಇಲ್ಲಿ ಮರಗಳ ಎಲೆ ಕೆಂಪಾಗಿದೆ. ಬೆಳಿಗ್ಗೆ ಚಳಿ ಶುರುವಾಗಿದೆ. ಆ ದಿನ ನೀವು, ನನ್ನ ಮನಸ್ಸು ಮನೆಯ ಹುಡುಗಿಯ ಮೇಲಿತ್ತು, ತಪ್ಪು ನನ್ನದು ಎಂದಿರಿ. ಮೂವತ್ತು ವರ್ಷದ ನನ್ನ ಕೆಲಸದಲ್ಲಿ ಕಾರಣ ಕೇಳಿದಾಗ ಎಲ್ಲರೂ ಬೆಳಕನ್ನೋ ಯಂತ್ರವನ್ನೋ ತೋರಿಸಿದ್ದಾರೆ. ನಿಜ ಹೇಳಿದವರು ನೀವೊಬ್ಬರೇ. ಪ್ರತಿ ವರ್ಷ ಹೊಸಬರು ಸೇರಿದಾಗ ನಾನು ನಿಮ್ಮ ಬಗ್ಗೆ ಹೇಳುತ್ತೇನೆ. ಆ ಹುಡುಗಿ ಈಗ ದೊಡ್ಡವಳಾಗಿರಬೇಕು. ನಿಮ್ಮಂಥವರ ಕೈಯಲ್ಲಿ ಬೆಳೆದವಳು ಸುಳ್ಳು ಹೇಳಲಾರಳು. ಆರೋಗ್ಯ ನೋಡಿಕೊಳ್ಳಿ."

ಓದಿ ಮುಗಿಸಿ ತಲೆ ಎತ್ತಲಾಗಲಿಲ್ಲ. ನಾನು ಅಳುತ್ತಿದ್ದೇನೆಂದು ನೋಡಿ ಪ್ಯಾಕಿಂಗಿನ ಹೆಂಗಸರೂ ಕಣ್ಣೊರೆಸಿಕೊಂಡರು. ಚಿಕ್ಕಮ್ಮನ ಮೇಲೆ ಎಷ್ಟು ಪ್ರೀತಿ ನೋಡಿ ಎಂದು ಯಾರೋ ಅಂದರು.

ಮನೆಗೆ ಬಂದೆವು. ಅವಳು ಸೀರೆ ಬದಲಾಯಿಸಿ, ಕಿಟಕಿಯ ಹತ್ತಿರ ಗೋಡೆಗೊರಗಿ ಕೂತಳು. ಕೆಳಗೆ ಮುದ್ರಣದ ಯಂತ್ರ ಇನ್ನೂ ಓಡುತ್ತಿತ್ತು.

"ಆ ಕಾಗದ ಇನ್ನೊಂದು ಸಲ ಓದು," ಎಂದಳು.

ನಾನು ಲಕೋಟೆ ತೆಗೆದೆ. ಬಾಯಿ ತೆರೆಯುವ ಮೊದಲೇ ಅವಳು ಕೈ ಅಡ್ಡ ಮಾಡಿದಳು. "ನಿಜ ಹೇಳಿದ್ಲು ಅಂತೆಲ್ಲ ಇದೆಯಲ್ಲ, ಅದನ್ನ ಬಿಟ್ಟು ಓದು. ನಿನ್ನ ವಿಷಯಾನೂ ಬಿಡು."

ಬಿಟ್ಟು ಓದಿದೆ. ಇಲ್ಲಿ ಮರಗಳ ಎಲೆ ಕೆಂಪಾಗಿದೆ. ಬೆಳಿಗ್ಗೆ ಚಳಿ ಶುರುವಾಗಿದೆ. ಆರೋಗ್ಯ ನೋಡಿಕೊಳ್ಳಿ.

ಚಿಕ್ಕಮ್ಮ ಕೈ ಚಾಚಿ ಕಾಗದ ತೆಗೆದುಕೊಂಡಳು. "ಇಷ್ಟು ನಂದು," ಎಂದಳು.